ಕಬ್ಬನ್‌ಪೇಟೆಯ ವಾಸ

ಬೆಂಗಳೂರಿನಲ್ಲಿ ಇಬ್ಬರು ಹೊಸದಾಗಿ ಪರಿಚಿತರಾದರೆ, ಕುಶಲಪ್ರಶ್ನೆಯ ಬೆನ್ನಿಗೇ ಬರುವ ಮಾತು ‘ತಮ್ಮ ಮನೆ ಎಲ್ಲಿ?’ ಎಂಬುದು. ಜಯನಗರವೆಂದೋ ಮಲ್ಲೇಶ್ವರವೆಂದೋ ಉತ್ತರ ಕೊಡಬಲ್ಲವರು ಭಾಗ್ಯವಂತರು. ಅವರ ಮಟ್ಟಿಗೆ ಆ ಪ್ರಸ್ತಾಪ ಅಲ್ಲಿಗೆ ಮುಗಿಯಿತು. ನನ್ನ ವಿಷಯದಲ್ಲಿ ಹಾಗಲ್ಲ. ‘ಕಬ್ಬನ್‌ಪೇಟೆ’ ಎಂದೊಡನೆ ಕೇಳಿದವರು ಕ್ಷಣಕಾಲ ಸುಮ್ಮನಿದ್ದು, ‘ಅಂಗಡಿಯೆ?’ ಎನ್ನುವರು. ‘ಅಲ್ಲ, ಮನೆ’ ಎಂದರೆ, ‘ಇನ್ನೂ ಅಲ್ಲಿಯೇ ಇದ್ದೀರಾ?’ ಎಂದು ಮರುಪ್ರಶ್ನೆ. ಆ ‘ಇನ್ನೂ’ ಎಂಬ ಎರಡಕ್ಷರದಲ್ಲಿ ತುಂಬಿರುವ ಮರುಕವನ್ನು ನಾನು ಎಷ್ಟೋ ವರ್ಷಗಳಿಂದ ಸ್ವೀಕರಿಸುತ್ತ ಬಂದಿದ್ದೇನೆ. ಪ್ಲೇಗಿನಲ್ಲಿ ಊರೆಲ್ಲ ಖಾಲಿಯಾದಾಗ ಒಬ್ಬನೇ ಬಾಗಿಲು ತೆರೆದು ಕುಳಿತವನನ್ನು ನೋಡುವ ನೋಟ ಅದು.

ಪ್ಲೇಗಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ೧೮೯೮ರಲ್ಲಿ ಆ ಮಾರಿ ಬೆಂಗಳೂರಿಗೆ ಬಂದಾಗ ಹೆಚ್ಚಾಗಿ ಪೆಟ್ಟು ತಿಂದದ್ದು ಇಕ್ಕಟ್ಟಾದ ಪೇಟೆಗಳು. ಅದರ ಫಲವಾಗಿಯೇ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಹುಟ್ಟಿದುವು. ಅದಕ್ಕೆ ಕೆಲವು ವರ್ಷ ಮುಂಚೆ, ೧೮೯೨ರಲ್ಲಿ, ಚಾಮರಾಜಪೇಟೆಯ ಸ್ಥಾಪನೆಯಾಗಿದ್ದಿತು. ಅಗಲವಾದ ಬೀದಿ, ಮನೆಯ ಸುತ್ತ ಗಾಳಿ ಬೆಳಕು, ಮುಂದುಗಡೆ ಒಂದಿಷ್ಟು ಹೂವಿನ ಗಿಡ: ಇವುಗಳನ್ನು ನೋಡಿದ ಮೇಲೆ ಅನುಕೂಲಸ್ಥರು ಪೇಟೆಯಲ್ಲಿ ನಿಲ್ಲುವುದುಂಟೆ? ವಕೀಲರು ಹೋದರು, ಅಮಲ್ದಾರರು ಹೋದರು, ವೈದ್ಯರು ಹೋದರು. ಪೇಟೆಯೆಂದರೆ ಸಾಮಾನು ಕೊಳ್ಳಲು ಹೋಗುವ ಸ್ಥಳ, ಬಡಾವಣೆಯೆಂದರೆ ಬಾಳುವ ಸ್ಥಳ ಎಂಬ ಅಭಿಪ್ರಾಯ ಅಂದು ಬೇರೂರಿತು. ಅದಕ್ಕೆ ನೂರಿಪ್ಪತ್ತೈದು ವರ್ಷ ಮೀರಿತಾದರೂ ಬೇರು ಸಡಿಲವಾಗಿಲ್ಲ.

ನಮ್ಮ ಮುತ್ತಾತನವರು ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಪ್ಲೇಗಿನ ಕಾಲದಲ್ಲಿ ಅವರೂ ಎಲ್ಲರಂತೆ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದು, ಬೇನೆ ತಗ್ಗಿದ ಮೇಲೆ ಮನೆಗೆ ಸುಣ್ಣ ಹೊಡೆಯಿಸಿ ಮರಳಿ ಬಂದರಂತೆ. ಹೊಸ ಬಡಾವಣೆಗೆ ಅವರು ಏಕೆ ಹೋಗಲಿಲ್ಲವೆಂದು ಚಿಕ್ಕವನಾಗಿದ್ದಾಗ ನಾನು ತಾತನನ್ನು ಕೇಳಿದ್ದೆ. ‘ಅಂಗಡಿ ಹತ್ತಿರವಾಗಿತ್ತು, ದುಡ್ಡು ದೂರವಾಗಿತ್ತು’ ಎಂದು ತಾತ ಹೇಳಿದರು. ನಮ್ಮ ವಂಶದ ಸ್ಥಳನಿಷ್ಠೆಗೆ ಮೂಲ ಬಡತನವೆಂದು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಮೂಲವು ಬಡತನವಾದ ಮಾತ್ರಕ್ಕೆ ಆ ನಿಷ್ಠೆ ಸುಳ್ಳಾಗಬೇಕಾಗಿಲ್ಲ.

ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದ ಊರು ಈ ಪೇಟೆಗಳೇ. ಹಲಸೂರು ಬಾಗಿಲಿನಿಂದ ಪಶ್ಚಿಮಕ್ಕೆ ಒಂದು ಬೀದಿ, ಯಲಹಂಕದ ಬಾಗಿಲಿನಿಂದ ದಕ್ಷಿಣಕ್ಕೆ ಮತ್ತೊಂದು; ಇವೆರಡೂ ಕೂಡುವಲ್ಲಿ ಊರಿನ ನಡು. ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹೆಸರನ್ನು ಕೇಳಿದರೇ ಅಲ್ಲಿ ಏನು ನಡೆಯುತ್ತಿದ್ದಿತೆಂದು ತಿಳಿಯುತ್ತದೆ. ನಮ್ಮ ಪೇಟೆಯ ಹೆಸರು ಮಾತ್ರ ಈ ಸಾಲಿಗೆ ಸೇರದು. ಅದು ೧೮೩೪ರಿಂದ ೧೮೬೧ರ ವರೆಗೆ ಮೈಸೂರು ಸೀಮೆಯ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬರದು. ಅದೇ ಸಾಹೇಬರ ಹೆಸರಿನ ಉದ್ಯಾನವೊಂದು ನಮ್ಮ ಮನೆಯಿಂದ ಕಾಲು ಗಂಟೆಯ ನಡಿಗೆಯಲ್ಲಿದೆ. ಕಬ್ಬನ್ ಪಾರ್ಕನ್ನು ಅರಿಯದವರಿಲ್ಲ. ಕಬ್ಬನ್‌ಪೇಟೆಯನ್ನು ಆಟೋ ನಡೆಸುವವರೂ ಎರಡು ಸಲ ಕೇಳಿ ತಿಳಿಯಬೇಕು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಸಿರಿವಂತರಲ್ಲಿಗೆ ದತ್ತುಹೋದ ಹಾಗೆ ಆಗಿದೆ ಇವುಗಳ ಸಂಬಂಧ.

ಪೇಟೆಯ ನಾಲ್ಕು ಕಡೆಯೂ ಹೆಸರಾದ ರಸ್ತೆಗಳುಂಟು. ಕೆಂಪೇಗೌಡ ರಸ್ತೆಯಲ್ಲಿ ಹೋಗುವವರು ಹೋಗುತ್ತಲೇ ಇರುತ್ತಾರೆ. ಹಿಂದೆ ದೊಡ್ಡಪೇಟೆಯಾಗಿದ್ದು ಈಗ ಅವೆನ್ಯೂ ರಸ್ತೆಯೆನಿಸಿಕೊಂಡಿರುವಲ್ಲಿಗೆ ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ಬರುತ್ತಾರೆ. ಒಳಕ್ಕೆ ತಿರುಗುವವರು ಮಾತ್ರ ಇಲ್ಲ. ತಿರುಗಲು ಕಾರಣವೂ ಇಲ್ಲವೆನ್ನಿ. ಒಳಗಿರುವ ಬೀದಿಗಳು ಎತ್ತಿನ ಗಾಡಿಯ ಕಾಲದವು. ನಮ್ಮ ಓಣಿಯಂತೂ ಗಾಡಿಯನ್ನು ಬಿಟ್ಟ ಎತ್ತಿಗೆ ಮಾತ್ರ ಸಾಕಾಗುವಂತಹುದು. ಮಳೆಗಾಲದಲ್ಲಿ ಕೊಡೆ ಹಿಡಿದ ಇಬ್ಬರು ಎದುರುಬದುರಾದರೆ ಒಬ್ಬರು ಕೊಡೆಯನ್ನು ಮೇಲಕ್ಕೆತ್ತಬೇಕು. ಯಾರು ಎತ್ತಬೇಕೆಂಬುದಕ್ಕೆ ವಯಸ್ಸಿನ ಮೇಲೆ ನಿಂತ ಒಂದು ಕ್ರಮವಿದೆ. ಈಚೆಗೆ ನನ್ನ ಕೊಡೆಯನ್ನು ಎತ್ತುವ ಪ್ರಸಂಗ ಬರುವುದಿಲ್ಲ. ಇದರಿಂದ ನನಗೆ ಎಷ್ಟು ವಯಸ್ಸಾಯಿತೆಂಬುದು ತಿಳಿಯುತ್ತದೆ.

ನಮ್ಮ ಮನೆಗೂ ನೆರೆಮನೆಗೂ ನಡುವೆ ಒಂದೇ ಗೋಡೆ. ನಮ್ಮ ತೊಲೆಗಳ ಒಂದು ತುದಿಯೂ ಅವರ ತೊಲೆಗಳ ಒಂದು ತುದಿಯೂ ಅದರ ಮೇಲೆಯೇ ಕುಳಿತಿವೆ. ನಡುಮನೆಯ ಮೇಲೆ ಆಕಾಶಕ್ಕೆ ತೆರೆದ ಚಿಕ್ಕ ತೊಟ್ಟಿಯುಂಟು. ಬಿಸಿಲು ಅಲ್ಲಿಗೆ ಹನ್ನೊಂದಕ್ಕೆ ಇಳಿದು ಒಂದಕ್ಕೆ ಏರಿಹೋಗುತ್ತದೆ. ಆ ಎರಡು ಗಂಟೆಗಳಲ್ಲಿ ಅದು ನೆಲದ ಮೇಲೆ ಸರಿದಂತೆಲ್ಲ ಹಪ್ಪಳದ ಮೊರವನ್ನೂ ಸರಿಸುತ್ತ ಹೋಗುವುದು ನಮ್ಮ ತಾಯಿಯವರ ಕೆಲಸವಾಗಿದ್ದಿತು. ‘ಬಡಾವಣೆಯವರಿಗೆ ದಿನವೆಲ್ಲ ಬಿಸಿಲು, ಅದಕ್ಕೇ ಅವರಿಗೆ ಅದರ ಬೆಲೆ ಗೊತ್ತಿಲ್ಲ’ ಎಂದು ಅವರು ಹೇಳುತ್ತಿದ್ದರು. ಇದು ದ್ರಾಕ್ಷಿ ಹುಳಿಯೆಂಬ ನರಿಯ ಮಾತೆಂದು ನಾವು ನಕ್ಕರೆ ಅವರೂ ನಗುತ್ತಿದ್ದರು.

ಆ ಗೋಡೆಯ ಆಚೆಗೆ ಮಗ್ಗ. ಕಬ್ಬನ್‌ಪೇಟೆಯು ಹಿಂದಿನಿಂದಲೂ ನೇಕಾರರ ಠಾವು. ಮೊದಲು ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗಗಳಿದ್ದುವು. ಕೋಲಾರದ ಚಿನ್ನದ ಗಣಿಗಾಗಿ ೧೯೦೨ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ದೀಪಕ್ಕೆ ಬಂದ ವಿದ್ಯುತ್ತು ತರುವಾಯ ಕೆಲಸಕ್ಕೂ ನಿಂತಿತು. ಈಗ ನೆರೆಮನೆಯಲ್ಲಿರುವುವು ವಿದ್ಯುತ್ತಿನ ಮಗ್ಗಗಳೇ. ನಾನು ಹುಡುಗನಾಗಿದ್ದಾಗ ನಾಲ್ಕಿದ್ದುವು. ಇಂದು ಎರಡು ಉಳಿದಿವೆ. ಬೆಳಗ್ಗೆ ಎಂಟಕ್ಕೆ ಮೊದಲಾದರೆ ರಾತ್ರಿ ಎಂಟರ ವರೆಗೆ ಲಾಳಿಯ ಬಡಿತ. ನಮ್ಮಲ್ಲಿಗೆ ಬಂದ ಅತಿಥಿಗಳಿಗೆ ಮೊದಲ ಅರ್ಧ ಗಂಟೆ ಮಾತೇ ಕೇಳಿಸುವುದಿಲ್ಲ. ನಮ್ಮ ಮನೆಯವರಾದರೋ ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವೆ ಮಾತನ್ನು ತೂರಿಸುವ ವಿದ್ಯೆಯನ್ನು ತೊಟ್ಟಿಲಲ್ಲೇ ಕಲಿತವರು. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಪಾಠ ಹೇಳಿದ ನನಗೆ ಗಂಟಲಿನ ತೊಂದರೆ ಬಾರದಿದ್ದುದಕ್ಕೆ ಈ ಅಭ್ಯಾಸವೇ ಕಾರಣವಿರಬಹುದೆಂದು ನನ್ನ ನಂಬಿಕೆ.

ಸದ್ದಿನ ದೂರನ್ನು ಹೇಳುವವರು ಅದರ ಜೊತೆಗೆ ಬರುವುದನ್ನು ನೋಡುವುದಿಲ್ಲ. ರಾಮನಗರದ ಗೂಡಿನ ಸಂತೆಯಲ್ಲಿ ಬೆಲೆ ಏರಿತೋ ಇಳಿಯಿತೋ ಎಂಬುದು ನಮ್ಮ ಓಣಿಗೆ ಪತ್ರಿಕೆಗಿಂತ ಮುಂಚೆ ತಿಳಿಯುತ್ತದೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಕಷ್ಟ, ಸೂರತ್ತಿನಿಂದ ಬರುವ ಜರಿಯ ಗುಣದೋಷ, ಅದೇ ಸೂರತ್ತಿನಿಂದ ಬರುವ ಅಗ್ಗದ ಸೀರೆಗಳ ಹಾವಳಿ: ಇವೆಲ್ಲ ನಮ್ಮ ಜಗಲಿಯ ಮಾತುಗಳು. ನಮ್ಮ ಮಕ್ಕಳು ಸೀರೆಯನ್ನು ಗಾಜಿನ ಕಪಾಟಿನಲ್ಲಿ ನೋಡುವ ಮೊದಲು ಹಾಸಿನಲ್ಲಿ ನೋಡಿದರು. ಎಳೆ ಕಡಿದಾಗ ಮಗ್ಗವನ್ನು ನಿಲ್ಲಿಸಿ, ಸಾವಿರಾರು ಎಳೆಗಳಲ್ಲಿ ಕಡಿದುದನ್ನು ಬೆರಳಿನಿಂದಲೇ ಹುಡುಕಿ ಗಂಟು ಹಾಕುವುದನ್ನು ನೋಡಿದರು. ಬೆವರಿಲ್ಲದ ವಸ್ತುವಿಲ್ಲವೆಂಬುದನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ಬೋಧಿಸಿದೆ. ಬೋಧನೆಯ ಅಗತ್ಯವಿಲ್ಲದೆಯೇ ಅದು ನನ್ನ ಮಕ್ಕಳಿಗೆ ಬಂದುದು ಗೋಡೆಯ ಆಚೆಯಿಂದ.

ಹೆಸರಿಲ್ಲದ ಸ್ಥಳದಲ್ಲಿ ವಾಸಿಸುವುದರ ಸುಖವೇನೆಂದು ಕೇಳಿದರೆ, ಇಲ್ಲಿ ಪ್ರತಿಯೊಬ್ಬನೂ ಮತ್ತೊಬ್ಬನಿಗೆ ಬೇಕಾಗುತ್ತಾನೆ ಎಂಬುದೇ ನನ್ನ ಉತ್ತರ. ಬಡಾವಣೆಯ ನನ್ನ ಸಹೋದ್ಯೋಗಿಗಳು ನಿವೃತ್ತರಾದ ದಿನವೇ ನಿವೃತ್ತರಾದರು. ಬೆಳಗ್ಗೆ ವಾಯುಸಂಚಾರ, ಸಂಜೆ ವಾಯುಸಂಚಾರ. ನನಗೆ ಆ ಭಾಗ್ಯ ದೊರೆಯಲಿಲ್ಲ. ಮೂಲೆಯ ಅಚ್ಚುಕೂಟದವರು ಲಗ್ನಪತ್ರಿಕೆಯ ಕರಡನ್ನು ನನ್ನ ಕಣ್ಣಿಗೆ ಬೀಳಿಸದೆ ಅಚ್ಚಿಗೆ ಕೊಡುವುದಿಲ್ಲ. ‘ಆಶೀರ್ವದಿಸಬೇಕಾಗಿ’ ಎಂಬುದರಲ್ಲಿ ಎಷ್ಟು ಬಗೆಯ ತಪ್ಪುಗಳು ಸಾಧ್ಯವೆಂಬುದನ್ನು ಬಲ್ಲವನು ನಾನು. ಜರಿ ಅಂಗಡಿಯ ಸಾಹೇಬರು ಉರ್ದುವನ್ನು ಸೊಗಸಾಗಿ ಬರೆಯುತ್ತಾರೆ, ಕನ್ನಡವನ್ನು ಸೊಗಸಾಗಿ ಮಾತನಾಡುತ್ತಾರೆ. ಕನ್ನಡದಲ್ಲಿ ಅರ್ಜಿ ಬರೆಯಬೇಕಾದಾಗ ಮಾತ್ರ, ‘ಮೇಷ್ಟ್ರೇ, ನಿಮ್ಮ ಕೈಯಿಂದಲೇ ಆಗಲಿ, ಕೆಲಸ ಆಗುತ್ತೆ’ ಎಂದು ಬರುತ್ತಾರೆ. ನನ್ನ ಕೈಗುಣದ ಮೇಲೆ ಅವರಿಗಿರುವ ನಂಬಿಕೆ ನನಗಿಲ್ಲ. ಅರ್ಜಿಗೆ ಪ್ರತಿಫಲವಾಗಿ ರಂಜಾನಿನಲ್ಲಿ ಖರ್ಜೂರ ಬರುತ್ತದೆ. ಯುಗಾದಿಗೆ ನಮ್ಮಲ್ಲಿಂದ ಒಬ್ಬಟ್ಟು ಹೋಗುತ್ತದೆ. ಇದರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಲೆಕ್ಕ ಬರೆಯುವವರ ವಂಶದಲ್ಲಿ ಹುಟ್ಟಿದ ನಾನೂ ಇಟ್ಟಿಲ್ಲ.

ವರ್ಷದಲ್ಲಿ ಒಂದು ರಾತ್ರಿ ಮಾತ್ರ ಊರೆಲ್ಲ ನಮ್ಮನ್ನು ನೆನೆಯುತ್ತದೆ. ಚೈತ್ರ ಶುದ್ಧ ಪೌರ್ಣಮಿಯಂದು ಧರ್ಮರಾಯಸ್ವಾಮಿಯ ಗುಡಿಯಿಂದ ಕರಗ ಹೊರಟು ಪೇಟೆಗಳನ್ನು ಸುತ್ತುತ್ತದೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ. ಕತ್ತಿ ಹಿಡಿದ ವೀರಕುಮಾರರ ನಡುವೆ ಮಲ್ಲಿಗೆಯ ಆ ಗೋಪುರವು ತೇಲಿಬರುವುದನ್ನು ನೋಡಲು ಜನ ಎಲ್ಲಿಂದಲೋ ಬರುತ್ತಾರೆ. ‘ನಿಮ್ಮ ಮನೆಯಲ್ಲಿ ಒಂದಿಷ್ಟು ಹೊತ್ತು ಕುಳಿತುಕೊಳ್ಳಬಹುದೆ?’ ಎಂದು ಹನ್ನೊಂದು ತಿಂಗಳು ಮರೆತಿದ್ದ ನೆಂಟರು ದೂರವಾಣಿಯಲ್ಲಿ ಕೇಳುತ್ತಾರೆ. ಕೆರೆಗಳು ಹೋದುವು: ಧರ್ಮಾಂಬುಧಿಯು ಬಸ್ಸಿನ ನಿಲ್ದಾಣವಾಯಿತು, ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು; ಆ ಸಂಪಂಗಿ ಕೆರೆಯಲ್ಲಿ ಕರಗದ ವಿಧಿಗೆಂದು ಒಂದು ಚಿಕ್ಕ ಕೊಳವನ್ನು ಮಾತ್ರ ಉಳಿಸಿದ್ದಾರೆ. ಇಷ್ಟು ದೊಡ್ಡ ಊರಿಗೆ ಅಷ್ಟು ನೀರನ್ನು ಉಳಿಸಿಕೊಟ್ಟವರು ಪೇಟೆಯ ತಿಗಳರು. ಮಾರನೆಯ ಬೆಳಗ್ಗೆ ಬೀದಿಯಲ್ಲಿ ಬಾಡಿದ ಮಲ್ಲಿಗೆ ಬಿದ್ದಿರುತ್ತದೆ, ನೆಂಟರು ಹೊರಟುಹೋಗಿರುತ್ತಾರೆ.

ಇಷ್ಟು ಹೇಳಿದ ಮೇಲೆ ಮತ್ತೊಂದು ಮಗ್ಗುಲನ್ನು ಮರೆಮಾಚಿದರೆ ಅನ್ಯಾಯವಾದೀತು. ಮಳೆ ಬಂದರೆ ಚರಂಡಿಯ ನೀರು ಹೊಸ್ತಿಲನ್ನು ವಿಚಾರಿಸಿಕೊಂಡು ಹೋಗುತ್ತದೆ. ಇಲಿಗಳು ನಮ್ಮಷ್ಟೇ ಹಳೆಯ ನಿವಾಸಿಗಳು. ತಲೆಯ ಮೇಲೆ ತಂತಿಗಳು ಯಾವ ನೇಕಾರನೂ ಬಿಡಿಸಲಾರದಷ್ಟು ಸಿಕ್ಕಾಗಿವೆ. ಅವುಗಳಲ್ಲಿ ಒಂದು ಕಿಡಿ ಹಾರಿತೆಂದರೆ ಬೆಂಕಿಯ ಗಾಡಿ ಬರಲು ದಾರಿಯಿಲ್ಲವೆಂಬ ಹೆದರಿಕೆ ಬೇಸಗೆಯಲ್ಲೆಲ್ಲ ನನ್ನನ್ನು ಕಾಡುತ್ತದೆ. ಉಪೇಕ್ಷೆಯೆಂಬುದು ಒಂದು ಕೈಯಿಂದ ನೆಮ್ಮದಿಯನ್ನು ಕೊಟ್ಟು ಮತ್ತೊಂದು ಕೈಯಿಂದ ಬೆಲೆ ಕೇಳುತ್ತದೆ.

ಎರಡು ವರ್ಷದ ಹಿಂದೆ ಅದು ಬೆಲೆ ಕೇಳಿತು. ಮಾಗಿಯ ರಾತ್ರಿ, ಎರಡು ಗಂಟೆಯ ಸಮಯ. ತೊಂಬತ್ತರ ಹತ್ತಿರದ ನಮ್ಮ ತಾಯಿಯವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಬಂದಿತು. ಕರೆಯಿಸಿದ ಆಂಬುಲೆನ್ಸು ಬೇಗನೆಯೇ ಬಂದಿತು. ಆದರೆ ದೊಡ್ಡ ಬೀದಿಯಲ್ಲಿಯೇ ನಿಂತಿತು. ಅಲ್ಲಿಗೆ ನಮ್ಮ ಬಾಗಿಲಿನಿಂದ ಇನ್ನೂರು ಹೆಜ್ಜೆ. ನಾನು ಗೋಡೆಯನ್ನು ಒಮ್ಮೆ ಗುದ್ದಿದೆ. ಮಗ್ಗದ ಯಜಮಾನರೂ ಅವರ ಇಬ್ಬರು ಮಕ್ಕಳೂ ಅಂಗಿ ತೊಡುವಷ್ಟು ಸಹ ತಡಮಾಡದೆ ಬಂದರು. ತಾಯಿಯವರನ್ನು ಬೆತ್ತದ ಕುರ್ಚಿಯಲ್ಲಿ ಕುಳ್ಳಿರಿಸಿ, ಜಾರದಂತೆ ಒಂದು ಪಂಚೆಯಿಂದ ಸಡಿಲವಾಗಿ ಕಟ್ಟಿದೆವು. ಅಂಗಡಿಯ ಜಗಲಿಯ ಮೇಲೆ ಮಲಗಿದ್ದ ಇಬ್ಬರು ಹಮಾಲರು ಎದ್ದು ಬಂದು, ‘ನೀವು ಬಿಡಿ ಸಾಮಿ, ಇದು ನಮ್ಮ ಕೆಲಸ’ ಎಂದು ಕುರ್ಚಿಗೆ ಹೆಗಲು ಕೊಟ್ಟರು. ಓಣಿಯ ತುಂಬ ಸ್ಕೂಟರುಗಳು. ಯಾವುದು ಯಾರದೆಂದು ಎಲ್ಲರಿಗೂ ತಿಳಿದಿದ್ದುದರಿಂದ ಒಂದೊಂದು ಬಾಗಿಲನ್ನೂ ತಟ್ಟುತ್ತ, ಒಂದೊಂದನ್ನೂ ಒಳಕ್ಕೆ ಎಳೆಯಿಸುತ್ತ ಜರಿ ಅಂಗಡಿಯ ಸಾಹೇಬರು ಮುಂದೆ ನಡೆದರು. ಬೀದಿಯ ದೀಪ ಕೆಟ್ಟಿದ್ದಿತು. ಮೇಲಿನ ಕಿಟಕಿಗಳಿಂದ ಹೆಂಗಸರು ಬೆಳಕು ಹಿಡಿದರು. ಆ ಬೆಳಕಿನ ತುಂಡುಗಳ ಕೆಳಗೆ ಕುರ್ಚಿ ಮುಂದಕ್ಕೆ ಹೋಗುತ್ತಿದ್ದುದನ್ನು ಹಿಂದಿನಿಂದ ನೋಡುತ್ತ ನಾನು ನಡೆದೆನು.

ತಾಯಿಯವರು ಹನ್ನೆರಡು ದಿನಗಳ ಮೇಲೆ ಅದೇ ಕುರ್ಚಿಯಲ್ಲಿ ಮನೆಗೆ ಮರಳಿದರು. ಕಿವಿ ಪೂರ್ತಿ ಮಂದವಾಗಿದೆ. ಮಂಚವನ್ನು ನಡುಗೋಡೆಗೆ ಒತ್ತಿಸಿ ಹಾಕಿಸಿಕೊಂಡಿದ್ದಾರೆ. ಬೆಳಗ್ಗೆ ಎದ್ದೊಡನೆ ಅಂಗೈಯನ್ನು ಗೋಡೆಯ ಮೇಲಿಡುತ್ತಾರೆ. ಅದರುವಿಕೆ ತಿಳಿದರೆ, ‘ಎಂಟಾಯಿತು, ಕಾಫಿ ಕೊಡಿ’ ಎನ್ನುತ್ತಾರೆ. ನೂಲಿಲ್ಲದೆ ಮಗ್ಗ ನಿಂತ ದಿನಗಳಲ್ಲಿ ಹೊತ್ತು ತಿಳಿಯದೆ ಕಂಗಾಲಾಗುತ್ತಾರೆ.

ಈ ಪ್ರಸಂಗವನ್ನು ನಾನು ಹೆಮ್ಮೆಯಿಂದ ಹೇಳಿದಾಗ ನನ್ನ ತಮ್ಮನು ಒಂದೇ ಮಾತು ಹೇಳಿದನು: ‘ಅಣ್ಣ, ನಮ್ಮಲ್ಲಿ ಇದ್ದಿದ್ದರೆ ಗಾಡಿ ಬಾಗಿಲಿಗೇ ಬರುತ್ತಿತ್ತು.’ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಈಗಲೂ ಇಲ್ಲ. ಅವನು ಕನಕಪುರದ ರಸ್ತೆಯಲ್ಲಿ ಒಂದು ಬಹುಮಹಡಿ ಕಟ್ಟಡದ ಹನ್ನೊಂದನೆಯ ಅಂತಸ್ತಿನಲ್ಲಿದ್ದಾನೆ. ೨೦೧೭ರಲ್ಲಿ ಚಿಕ್ಕಪೇಟೆಯ ನೆಲದಡಿಯಲ್ಲಿ ಮೆಟ್ರೋ ಓಡಲಾರಂಭಿಸಿತು. ೨೦೨೧ರಲ್ಲಿ ಅದು ಕನಕಪುರದ ರಸ್ತೆಯ ರೇಷ್ಮೆ ಸಂಸ್ಥೆಯ ವರೆಗೂ ಬೆಳೆಯಿತು. ತಮ್ಮನು ರೇಷ್ಮೆ ಸಂಸ್ಥೆಯಲ್ಲಿ ಹತ್ತಿ, ನೆಲದಡಿಯಲ್ಲಿ ಬಂದು, ರೇಷ್ಮೆಯನ್ನು ನೇಯುವವರ ನಡುವೆ ಮೇಲಕ್ಕೇಳುತ್ತಾನೆ. ಹಿಂದೆ ಹಬ್ಬಕ್ಕೊಮ್ಮೆ ಬರುತ್ತಿದ್ದವನು ಈಗ ತಿಂಗಳಿಗೊಮ್ಮೆ ಬರುತ್ತಾನೆ. ಕಳೆದ ವರ್ಷ ಬಂದಾಗ ಅವನ ಕೈಯಲ್ಲಿ ಒಂದು ಕಾಗದವಿದ್ದಿತು.

ನಮ್ಮ ಮನೆಯನ್ನು ಕೊಳ್ಳಲು ಒಬ್ಬ ಸಗಟು ವ್ಯಾಪಾರಿ ಮುಂದೆ ಬಂದಿದ್ದನು. ಬೆಲೆಯನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ನನ್ನ ಇಡೀ ಉದ್ಯೋಗಕಾಲದ ಸಂಬಳವನ್ನೆಲ್ಲ ಕೂಡಿಸಿದರೂ ಅದರ ಅರ್ಧಕ್ಕೆ ಮುಟ್ಟದು. ಮನೆಯನ್ನು ಕೆಡವಿ ಮೂರು ಅಂತಸ್ತಿನ ಗೋದಾಮು ಕಟ್ಟುವುದು ಅವನ ಯೋಚನೆ. ಇದೇನೂ ಹೊಸದಲ್ಲ. ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಆರು ಆಗಲೇ ಗೋದಾಮುಗಳಾಗಿವೆ. ಹಗಲು ಅಲ್ಲಿ ಮೂಟೆಗಳು ಏರಿಳಿಯುತ್ತವೆ. ಸಂಜೆ ಏಳಕ್ಕೆ ಕಬ್ಬಿಣದ ಬಾಗಿಲನ್ನು ಎಳೆದು ಬೀಗ ಹಾಕಿ ಹೋಗುತ್ತಾರೆ. ಆ ಬಾಗಿಲುಗಳ ಮುಂದೆ ರಂಗೋಲಿಯಿಲ್ಲ, ಮೇಲೆ ಕಿಟಕಿಯಿಲ್ಲ. ತಾಯಿಯವರನ್ನು ಹೊತ್ತೊಯ್ದ ರಾತ್ರಿ ಬೆಳಕು ಬಾರದೆ ಕತ್ತಲಾಗಿ ಉಳಿದಿದ್ದ ಜಾಗಗಳು ಅವೇ.

ತಮ್ಮನ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಅವನಿಗೂ ಮನೆಯಲ್ಲಿ ಪಾಲಿದೆ. ಅವನ ಮಗಳ ಮದುವೆ ಹತ್ತಿರವಾಗಿದೆ. ‘ನೀನು ಓಣಿಯನ್ನು ಪ್ರೀತಿಸುತ್ತೀಯ, ಸರಿ. ಆದರೆ ಓಣಿಯೇ ಉಳಿಯದಿದ್ದರೆ ನೀನು ಯಾವುದನ್ನು ಕಾಯುತ್ತ ಕುಳಿತಿರುತ್ತೀಯ?’ ಎಂದು ಅವನು ಕೇಳಿದನು. ನಾನು ಮಾತನಾಡದೆ ಗೋಡೆಯನ್ನು ನೋಡಿದೆನು. ಅವನೂ ನೋಡಿದನು. ನಮ್ಮ ಮನೆಯನ್ನು ಕೆಡವಿದರೆ ನೆರೆಮನೆಯ ತೊಲೆಗಳಿಗೆ ಆಧಾರವೆಲ್ಲಿ? ಕಂಬ ಕೊಟ್ಟು ನಿಲ್ಲಿಸಬಹುದೆಂದು ವ್ಯಾಪಾರಿಯ ಕಡೆಯ ಇಂಜಿನಿಯರು ಹೇಳಿದ್ದನಂತೆ. ಕಂಬ ನಿಲ್ಲಿಸುವವರೆಗೆ ಮಗ್ಗಗಳು ನಿಲ್ಲಬೇಕು. ಈ ಕಾಲದಲ್ಲಿ ಆರು ತಿಂಗಳು ನಿಂತ ಮಗ್ಗ ಮತ್ತೆ ಹೊರಡುವುದಿಲ್ಲ. ಹಾಗೆ ನಿಂತ ಎರಡು ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದುದನ್ನು ನಾವಿಬ್ಬರೂ ಕಂಡವರು. ಮಗ್ಗದ ಯಜಮಾನರಿಗೆ ಸುದ್ದಿ ಮುಟ್ಟದೆ ಇರಲಿಲ್ಲ. ಅವರು ಬೇಡವೆನ್ನಲಿಲ್ಲ, ದೂರಲಿಲ್ಲ. ಒಂದು ದಿನ ಜಗಲಿಯಲ್ಲಿ ಎದುರಾದಾಗ, ‘ಯಾವಾಗ ಮೇಷ್ಟ್ರೇ?’ ಎಂದಷ್ಟೇ ಕೇಳಿದರು. ಅವರ ಆ ಸಂಯಮವನ್ನು ಸಹಿಸುವುದು ಜಗಳಕ್ಕಿಂತ ಕಷ್ಟವಾಯಿತು.

ಈ ಮಾತುಗಳೆಲ್ಲ ತಾಯಿಯವರ ಮಂಚದ ಬಳಿಯಲ್ಲೇ ನಡೆದುವು; ಅವರಿಗೆ ಕೇಳಿಸುವುದಿಲ್ಲವೆಂದು ನಮ್ಮ ಧೈರ್ಯ. ನಾವು ಸುಮ್ಮನಾದ ಮೇಲೆ ಅವರು ತಮ್ಮನನ್ನು ಹತ್ತಿರ ಕರೆದು, ‘ಮಗೂ, ಹುಡುಗಿಗೆ ಧಾರೆ ಸೀರೆ ಪಕ್ಕದ ಮನೆಯಲ್ಲೇ ನೇಯಿಸು. ನನ್ನ ಸೊಸೆಯರಿಬ್ಬರದೂ ಅಲ್ಲಿಯದೇ’ ಎಂದರು. ಅವರು ಎಷ್ಟನ್ನು ಅರಿತು ಈ ಮಾತು ಹೇಳಿದರೆಂಬುದನ್ನು ನಾನು ಇಂದಿಗೂ ಕೇಳಿಲ್ಲ. ತಮ್ಮನು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟು, ‘ಅಮ್ಮ ಇರುವವರೆಗೆ ಇದು ನಿನ್ನ ಪೆಟ್ಟಿಗೆಯಲ್ಲಿರಲಿ’ ಎಂದನು. ಅದು ಅಲ್ಲಿಯೇ ಇದೆ. ಆಮೇಲಿನ ಮಾತು ಏನಾಗುವುದೆಂದು ನಾವಿಬ್ಬರೂ ಆಡಿಲ್ಲ.

ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವನು ಹಾಸು ಹಾಕಿದ ಮೇಲೆ ವಾರಕ್ಕೊಮ್ಮೆ ಬರುತ್ತಿದ್ದಾನೆ. ಬಂದವನು ನೇರವಾಗಿ ನೆರೆಮನೆಗೆ ಹೋಗಿ, ಮಗ್ಗದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತುಬಿಡುತ್ತಾನೆ. ಊಟಕ್ಕೆ ಕರೆಯಲು ನಾನೇ ಹೋಗಬೇಕು. ಒಡಲಿಗೆ ಅರಿಸಿನದ ಬಣ್ಣವೆಂಬುದು ನಿಶ್ಚಯವಾಗಿದೆ. ಸೆರಗು ಕೆಂಪಾಗಿರಬೇಕೆಂದು ತಾಯಿಯವರೂ, ಹಸುರಾಗಿರಲೆಂದು ಮದುಮಗಳೂ, ಎರಡರ ನಡುವೆ ಒಂದು ಬಣ್ಣವುಂಟೆಂದು ಮಗ್ಗದ ಯಜಮಾನರೂ ಹೇಳುತ್ತಿದ್ದಾರೆ; ಆ ಬಣ್ಣ ಯಾವುದೆಂಬುದು ನಮಗಿನ್ನೂ ಅರ್ಥವಾಗಿಲ್ಲ.